ವೋಲ್ಕಾ ಎಫ್‌ಎಂ: ಬೇರೆಯವರ ಟೋನ್ ತುಂಬಿಸುವ ಮುನ್ನ

ಕುಂಬಳೆ, ಬದಿಯಡ್ಕ ಕಡೆ ಭಜನೆ–ನಾಟಕಗಳಿಗೆ ಕೀಬೋರ್ಡ್ ನುಡಿಸುವವರು ಪಕ್ಕದಲ್ಲಿ ಇಟ್ಟುಕೊಳ್ಳಲು ಕೊರ್ಗ್ ವೋಲ್ಕಾ ಎಫ್‌ಎಂ ಒಳ್ಳೆಯ ಪುಟ್ಟ ಸಿಂಥಸೈಜರ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ಪೆಟ್ಟಿಗೆ). ಆರು ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತದೆ; ಮಳೆಗಾಲದಲ್ಲಿ ಕರೆಂಟ್ ಹೋದರೆ ಚಿಂತೆಯಿಲ್ಲ. ಗಂಟೆ, ಎಲೆಕ್ಟ್ರಿಕ್ ಪಿಯಾನೊ ಬಲು ಚೆಂದ. ನನ್ನ ಮಟ್ಟಿಗೆ ಇದರ ದೊಡ್ಡ ಗುಣವೆಂದರೆ 1983ರ ಯಮಹಾ ಡಿಎಕ್ಸ್ 7 ಸಿಂಥಸೈಜರಿನ ಟೋನ್ ಫೈಲುಗಳನ್ನು ನೇರವಾಗಿ ತೆಗೆದುಕೊಳ್ಳುವುದು. ಜನ ಅಂದಿನಿಂದ ಹಂಚಿಕೊಂಡು ಬಂದ ಸಂಗ್ರಹ ಪೂರ್ತಿ ಕೈಗೆ ಸಿಗುತ್ತದೆ.

ತೊಡಕು ಜಾಗದ್ದು. ಒಳಗೆ 32 ಟೋನಿಗಷ್ಟೇ ಸ್ಥಳ, ಟೋನುಗಳ ಕಟ್ಟಾದ ಬ್ಯಾಂಕ್ ಫೈಲಿನಲ್ಲೂ 32. ಹೊಸ ಬ್ಯಾಂಕ್ ಕಳುಹಿಸಿದರೆ ಹಳೆಯ 32 ಹೋಯಿತೆಂದೇ ಲೆಕ್ಕ. ಮಿಡಿ (ವಾದ್ಯ–ಕಂಪ್ಯೂಟರ್ ನಡುವೆ ಸಂದೇಶ ಸಾಗಿಸುವ ವ್ಯವಸ್ಥೆ) ಔಟ್ ಕಿಂಡಿ ಇಲ್ಲದ್ದರಿಂದ ಒಳಗಿರುವುದನ್ನು ಕಂಪ್ಯೂಟರಿಗೆ ವಾಪಸ್ ತೆಗೆಯಲೂ ಆಗದು. ಹಾಗಾಗಿ ಅಸಲು ಪ್ರತಿ ಯಾವತ್ತೂ ಕಂಪ್ಯೂಟರಿನಲ್ಲೇ ಇರಲಿ.

ವಾಟ್ಸಾಪಿನಲ್ಲಿ ಬಂದ ಫೈಲನ್ನು ಮೊದಲು ಪರೀಕ್ಷಿಸಿ. ಸರಿಯಾದ ಬ್ಯಾಂಕ್ 4104 ಬೈಟ್ ಇರುತ್ತದೆ. 163 ಬೈಟಿನದು ಒಂದೇ ಟೋನು. ಗಾತ್ರ ನೋಡಿ ನಂಬಿಬಿಡಬೇಡಿ, ಟಿಎಕ್ಸ್81ಝಡ್‌ನಂಥ ನಾಲ್ಕು ಆಪರೇಟರ್ (ನಾದ ಹುಟ್ಟಿಸುವ ಘಟಕ) ಇರುವ ಬೇರೆ ಯಮಹಾ ಯಂತ್ರಗಳ ಬ್ಯಾಂಕೂ ಅಷ್ಟೇ ಉದ್ದ. ಫೈಲಿನ ಬೈಟುಗಳನ್ನು ಒಂದೊಂದಾಗಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ನಾಲ್ಕನೆಯ ಬೈಟ್ 09 ಇದ್ದರೆ ಡಿಎಕ್ಸ್ 7ರದು, 04 ಇದ್ದರೆ ಬದಿಗಿಡಿ.

ಜೋಡಣೆಗೆ ಉಚಿತವಾಗಿ ಸಿಗುವ ಡೆಕ್ಸೆಡ್ ಎಂಬ ಕಂಪ್ಯೂಟರ್ ತಂತ್ರಾಂಶ ಸಾಕು. ಅದರ 'ಕಾರ್ಟ್' ಕಿಟಕಿಯಲ್ಲಿ ಬೇರೆ ಬೇರೆ ಬ್ಯಾಂಕುಗಳಿಂದ ಬೇಕಾದ ಟೋನುಗಳನ್ನು ಎಳೆದು ನಿಮ್ಮದೇ 32 ಮಾಡಿ, ಹೊಸ ಹೆಸರಿನಲ್ಲಿ ಉಳಿಸಿ. ಭಜನೆಗೊಂದು, ನಾಟಕಕ್ಕೊಂದು ಬ್ಯಾಂಕ್ ಇದ್ದರೆ ವೇದಿಕೆಯಲ್ಲಿ ಹುಡುಕಾಟ ತಪ್ಪುತ್ತದೆ. ಟೋನಿನ ಹೆಸರಿಗೆ ಹತ್ತೇ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಒಂದೇ ಟೋನು ಹಲವು ಹೆಸರಿನಲ್ಲಿ ಓಡಾಡುತ್ತಿರುತ್ತದೆ, ಕಿವಿಯಿಂದಲೇ ಆರಿಸಬೇಕು.

ಹೆಚ್ಚಿನವರು ಸೋಲುವುದು ಕಳುಹಿಸುವಾಗ. ಮಿಡಿ ವೇಗ ಸೆಕೆಂಡಿಗೆ 3125 ಬೈಟ್, ಅಂದರೆ ಒಂದು ಬ್ಯಾಂಕಿಗೆ ಸುಮಾರು 1.3 ಸೆಕೆಂಡ್ ಬೇಕು. ಅಗ್ಗದ ಯುಎಸ್‌ಬಿ–ಮಿಡಿ ಕೇಬಲಿನ ಬಫರ್ (ಬೈಟುಗಳು ತಾತ್ಕಾಲಿಕವಾಗಿ ನಿಲ್ಲುವ ಜಾಗ) ಚಿಕ್ಕದು, ನಡುವೆ ಬೈಟು ಬಿಟ್ಟುಬಿಡುತ್ತದೆ. ಆಗ ಚೆಕ್‌ಸಮ್ (ಫೈಲು ಸರಿಯಾಗಿ ಬಂದಿದೆಯೇ ಎಂದು ನೋಡುವ ಲೆಕ್ಕ) ತಾಳೆಯಾಗದು. ವಿಂಡೋಸಿನಲ್ಲಿ ಮಿಡಿ-ಆಕ್ಸ್ ಎಂಬ ತಂತ್ರಾಂಶ ಹಾಕಿ, ಬಫರ್ ಗಾತ್ರ ಇಳಿಸಿ, ಬಫರುಗಳ ನಡುವೆ 60 ಮಿಲಿಸೆಕೆಂಡ್ ಬಿಡುವು ಕೊಟ್ಟು ನೋಡಿ. ಅದಕ್ಕೂ ಬಗ್ಗದ ಕೇಬಲ್ ಇಟ್ಟುಕೊಂಡು ಪ್ರಯೋಜನವಿಲ್ಲ, ಬದಲಾಯಿಸಿ. ಕಡಲ ಬದಿಯ ಊರುಗಳಲ್ಲಿ ಮಿಡಿ ಪ್ಲಗ್ಗಿನ ಪಿನ್ನಿಗೆ ಕಿಲುಬು ಹಿಡಿದಿದೆಯೇ ಎಂದೂ ನೋಡಿಕೊಳ್ಳಿ.

ಟೋನು ಸರಿಯಾಗಿ ಬಂದರೂ ಮಂಕಾಗಿ ಕೇಳಬಹುದು. ಕೀಲಿ ಒತ್ತಿದ ಬಲವನ್ನು ಮೂಲ ವೋಲ್ಕಾ ಮಿಡಿ ನೋಟಿನಿಂದ ಓದುವುದಿಲ್ಲ. ಮೇಲಿನ ವೆಲಾಸಿಟಿ ಸ್ಲೈಡರ್ ಏರಿಸಿ, ಇಲ್ಲವೇ ಅದೇ ಕೆಲಸ ಮಾಡುವ ಮಿಡಿ ಸಂದೇಶ ಸಿಸಿ 41 ಕಳುಹಿಸಿ. ಒಮ್ಮೆಗೆ ಮೂರೇ ಸ್ವರ ಹೊರಡುವುದರಿಂದ ಕೀಲಿ ಬಿಟ್ಟ ಮೇಲೂ ನಾದ ಉಳಿಯುವ ಉದ್ದ ಬಾಲದ ಪ್ಯಾಡ್ ಟೋನುಗಳು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬದಲಿಸುವಾಗ ಕಡಿದುಹೋಗುತ್ತವೆ. ಅಂಥವನ್ನು ಬ್ಯಾಂಕಿಗೆ ಸೇರಿಸಲೇಬೇಡಿ.

ಹೊಸದಾಗಿ ಕೊಳ್ಳುವವರು ಇದರ ಮುಂದಿನ ಮಾದರಿ ಎಫ್‌ಎಂ 2 ತೆಗೆದುಕೊಳ್ಳಿ: 64 ಸ್ಥಾನ, ಆರು ಸ್ವರ, ಯುಎಸ್‌ಬಿ, ಕೀಲಿಯ ಬಲಕ್ಕೂ ಸ್ಪಂದನೆ. ಹಳೆಯದು ಕಡಿಮೆಗೆ ಸಿಕ್ಕಿ, ಗಂಟೆ–ಬಾಸ್‌ನಂಥ ಒಂಟಿ ಸ್ವರದ ಕೆಲಸವಷ್ಟೇ ಇದ್ದರೆ ಅದೇ ಧಾರಾಳ.