ಟರ್ನ್‌ಟೇಬಲ್‌ಗೆ ಯಾವ ಕೇಬಲ್? ಮೂರನ್ನು ಹಾಕಿ ಕೇಳಿದೆ

ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿದರೆ ನಮ್ಮ ಮನೆಯಲ್ಲಿ ಎರಡು ಶ್ರುತಿ ಕೇಳುತ್ತಿತ್ತು. ಒಂದು ತಂಬೂರಿಯದು. ಇನ್ನೊಂದು ಕರೆಂಟಿನದು, ಒಂದೇ ಸಮನೆ 'ಗುಂ' ಅಂತ. ಎರಡೂ ಕೂಡುತ್ತಿರಲಿಲ್ಲ. ಅವರು ಉಸಿರು ತೆಗೆದುಕೊಳ್ಳುವಾಗಂತೂ ಆ ಗುಂಕಾರವೇ ಮುಂದೆ ಬಂದು ನಿಲ್ಲುತ್ತಿತ್ತು. ತಡೆಯಲಾರದೆ ಎರಡು ವಾರ ಕೂತು, ಟರ್ನ್‌ಟೇಬಲ್‌ನಿಂದ (ಎಲ್‌ಪಿ ತಿರುಗಿಸುವ ಪ್ಲೇಯರ್) ಪ್ರಿಆಂಪ್‌ಗೆ ಹೋಗುವ ಮೂರು ಕೇಬಲ್‌ಗಳನ್ನು ಬದಲಿಸಿ ಬದಲಿಸಿ ಕೇಳಿದೆ. ಎಲ್ಲವೂ ಒಂದೂವರೆ ಮೀಟರ್. ಕಾರ್ಟ್ರಿಡ್ಜ್, ಅಂದರೆ ಎಲ್‌ಪಿಯ ಗೀರು ಓದುವ ಮುಳ್ಳಿರುವ ಭಾಗ, ಆಡಿಯೊ-ಟೆಕ್ನಿಕಾ ವಿಎಂ95ಇ.

ಗುಂಕಾರ ಬರುತ್ತಿದ್ದದ್ದು ಶೀಲ್ಡ್ (ಸುತ್ತ ಲೋಹದ ಹೊದಿಕೆ) ಇಲ್ಲದ ಕೇಬಲ್‌ನಲ್ಲಿ. ಜಡೆಯ ಹಾಗೆ ಹೆಣೆದದ್ದು, ನೋಡಲು ಚೆಂದ, ಮೂರರಲ್ಲಿ ಬೆಲೆಯೂ ಇದಕ್ಕೇ ಜಾಸ್ತಿ. ಆದರೆ ಈ ಕಾರ್ಟ್ರಿಡ್ಜ್ ಕೊಡುವುದು ಬರೀ 4 ಮಿಲಿವೋಲ್ಟ್. ಸಿಡಿ ಪ್ಲೇಯರ್ ಕೊಡುವ 2 ವೋಲ್ಟಿನ ಐನೂರನೇ ಒಂದು ಪಾಲು. ಸಾಲದ್ದಕ್ಕೆ, ಈ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಫೋನೊ ಪ್ರಿಆಂಪ್‌ನ ಆರ್‌ಐಎಎ ತಿದ್ದುಪಡಿ, ಎಲ್‌ಪಿ ಕೊರೆಯುವಾಗ ಕಮ್ಮಿ ಮಾಡಿಟ್ಟ ತಗ್ಗಿನ ಸ್ವರಗಳನ್ನು ಮತ್ತೆ ಎತ್ತುತ್ತದೆ. 1000 ಹರ್ಟ್ಸ್‌ಗಿಂತ 50 ಹರ್ಟ್ಸ್ ಸುಮಾರು 17 ಡೆಸಿಬೆಲ್, ಅಂದರೆ ಏಳು ಪಟ್ಟು ಹಿಗ್ಗುತ್ತದೆ. ನಮ್ಮ ಕರೆಂಟು ಅದೇ 50 ಹರ್ಟ್ಸ್ ಅಲ್ವಾ? ಗೋಡೆಯ ವೈರಿಂಗಿನಿಂದ ಚೂರು ನುಸುಳಿದರೂ ಸಾಕು. ಅಪ್ಪನ ಕೀಪ್ಯಾಡ್ ಫೋನಿಗೆ ಕರೆ ಬಂದರೆ, ಅದು ರಿಂಗ್ ಆಗುವ ಮೊದಲೇ ಸ್ಪೀಕರಿನಲ್ಲಿ 'ಟಿಟಿಟ್ ಟಿಟಿಟ್' ಬರುತ್ತಿತ್ತು.

ಆಮೇಲೆ ಸ್ಟಾರ್ ಕ್ವಾಡ್ ಹಾಕಿದೆ. ವೇದಿಕೆಯ ಮೈಕಿಗೆ ಬಳಸುವ ಕೇಬಲ್ ಇದು. ನಾಲ್ಕು ಎಳೆ ಹುರಿ ಮಾಡಿ, ಸುತ್ತ ತಾಮ್ರದ ಬಲೆ ಹೊದಿಸಿರುತ್ತಾರೆ. ಗುಂ ಶಬ್ದ ಮಾಯ. ಫೋನಿನ ಸದ್ದೂ ಇಲ್ಲ. ಮೊದಲ ದಿನ ತುಂಬಾ ಖುಷಿಪಟ್ಟೆ. ಮೂರನೇ ದಿನ ಅನುಮಾನ ಶುರುವಾಯಿತು. ತಬಲಾದ ಚಾಟಿಯ (ಅಂಚಿನ) ಪೆಟ್ಟು ಕಿವಿಗೆ ಚುಚ್ಚುತ್ತಿತ್ತು, ಆದರೆ ಅದರ ಮೇಲಿರಬೇಕಾದ ನವಿರು ಇರಲಿಲ್ಲ.

ಮೀಟರ್ ಹಿಡಿದಾಗ ಗೊತ್ತಾಯಿತು. ಶೀಲ್ಡ್ ಅಂದರೆ ಸಿಗ್ನಲ್ ತಂತಿಯ ಸುತ್ತ ಇನ್ನೊಂದು ಲೋಹ. ಎರಡೂ ಸೇರಿ ಒಂದು ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಟ್ಟುಕೊಳ್ಳುವ ಜೋಡಿ, ಆಗುತ್ತದೆ. ಈ ಕೇಬಲ್‌ನ ಕೆಪಾಸಿಟೆನ್ಸ್ 300 ಪಿಕೋಫ್ಯಾರಡ್ ಹತ್ತಿರ. ಟೋನ್‌ಆರ್ಮ್ (ಕಾರ್ಟ್ರಿಡ್ಜ್ ಹೊತ್ತ ತೋಳು), ಪ್ರಿಆಂಪ್ ಸೇರಿಸಿದರೆ 400. ಕಾರ್ಟ್ರಿಡ್ಜ್ ಕೇಳುವುದು 100ರಿಂದ 200. ಅದರ ಸುರುಳಿಯ ಇಂಡಕ್ಟೆನ್ಸ್ 550 ಮಿಲಿಹೆನ್ರಿ. ಈ ಸುರುಳಿ, ಆ ಕೆಪಾಸಿಟರ್ ಸೇರಿ ಒಂದು ಸ್ವರದ ಹತ್ತಿರ ಅನುರಣಿಸುತ್ತವೆ (ರೆಸೊನೆನ್ಸ್). ಲೆಕ್ಕ ಹಾಕಿದರೆ, 400ರಲ್ಲಿ ಆ ಅನುರಣನ 11,000 ಹರ್ಟ್ಸ್ ಹತ್ತಿರಕ್ಕೇ ಇಳಿಯುತ್ತದೆ. ಅಲ್ಲೊಂದು ಉಬ್ಬು, ಅದರಾಚೆ ಇಳಿಜಾರು. ನನ್ನ ಕಿವಿ ಸುಮ್ನೆ ಹೇಳಿರಲಿಲ್ಲ.

ಮೂರನೆಯದನ್ನು ನಾನೇ ಮಾಡಿಕೊಂಡೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಡಿಶ್ ಟಿವಿಗೆ ಬಳಸುವ ಆರ್‌ಜಿ-6 ತಂದೆ. ಅದರ ಬಲೆ ಅಲ್ಯುಮಿನಿಯಂ, ಬೆಸುಗೆ ಹಿಡಿಯಲೇ ಇಲ್ಲ. ಮತ್ತೆ ಹೋಗಿ ತಾಮ್ರದ ಬಲೆಯ ಆರ್‌ಜಿ-59 ತಂದೆ. ಒಂದೂವರೆ ಮೀಟರಿಗೆ 100 ಪಿಕೋಫ್ಯಾರಡ್, ಒಟ್ಟು 200. ಅನುರಣನ 15,000 ಹರ್ಟ್ಸ್ ದಾಟಿತು. ತಬಲಾ ತನ್ನ ಜಾಗಕ್ಕೆ ಬಂತು. ತಂಬೂರಿಯ ಜವಾರಿ (ತಂತಿಯ ಝೇಂಕಾರ) ಎಷ್ಟು ಬಿಡಿಬಿಡಿಯಾಗಿ ಕೇಳಿತೆಂದರೆ, ಆ ರಾತ್ರಿ ಒಂದೇ ಬದಿಯನ್ನು ಮೂರು ಸಲ ಹಾಕಿದೆ.

ಒಂದು ವಿಷಯದಲ್ಲಿ ಸ್ಟಾರ್ ಕ್ವಾಡ್ ಇದಕ್ಕಿಂತ ಮೇಲು. ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಪಕ್ಕ ಕೇಬಲ್ ಹಾದರೆ ಆರ್‌ಜಿ-59ರಲ್ಲಿ ಸಣ್ಣ ಗುಂ ಇತ್ತು. 50 ಹರ್ಟ್ಸ್‌ನ ಕಾಂತಕ್ಷೇತ್ರವನ್ನು ತಾಮ್ರದ ಬಲೆ ತಡೆಯುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ತಂತಿಗಳ ಹುರಿ. ನಾನು ಟರ್ನ್‌ಟೇಬಲನ್ನೇ ಎರಡು ಅಡಿ ದೂರ ಸರಿಸಿದೆ, ಅದೂ ಹೋಯಿತು.

ಇದೇ ಮೂರನ್ನೂ ಸಿಡಿ ಪ್ಲೇಯರಿಗೆ ಹಾಕಿದೆ. ಮಗಳು ನನಗೆ ತೋರಿಸದೆ ಬದಲಿಸಿದಳು. ಯಾವುದು ಯಾವುದೆಂದು ಹೇಳಲು ನನ್ನಿಂದ ಆಗಲಿಲ್ಲ. ಹಾಗಾಗಿ ಜಡೆ ಕೇಬಲ್ ಈಗ ಅಲ್ಲೇ ಇದೆ. ಸ್ಪೀಕರಿಗೆ ಮೊದಲಿನ ಎರಡೆಳೆ ವೈರೇ. ಅಲ್ಲಿ ವೋಲ್ಟೇಜ್ ದೊಡ್ಡದು, ಇಂಪಿಡೆನ್ಸ್ ಕೆಲವೇ ಓಮ್, ಶೀಲ್ಡ್ ಬೇಕಿಲ್ಲ.