ಹೈರಾಕ್ಸ್ ತಯಾರಿ: ಬಳ್ಳಾರಿಯಲ್ಲಿ ಜಿಮ್ಮೋ, ಮೈದಾನವೋ?

ಓಟ, ಕಸರತ್ತು ಎರಡೂ ಬೆರೆತ ಫಿಟ್‌ನೆಸ್ ರೇಸು ಹೈರಾಕ್ಸ್‌ಗೆ ಹೆಸರು ಕೊಟ್ಟ ಬಳ್ಳಾರಿಯವರು ಮೊದಲು ರೇಸಿನ ಲೆಕ್ಕ ನೋಡಬೇಕು. 1 ಕಿ.ಮೀ. ಓಟ, ಆಮೇಲೊಂದು ಕಸರತ್ತು, ಹೀಗೆ 8 ಸಲ. ಒಟ್ಟು 8 ಕಿ.ಮೀ. ಓಡಲೇಬೇಕು.

ಓಟಕ್ಕೆ ಮೈದಾನವೇ ಮೇಲು. ಟ್ರೆಡ್‌ಮಿಲ್ ವೇಗವನ್ನು ತಾನೇ ಹಿಡಿದಿಡುತ್ತದೆ. ರೇಸಿನಲ್ಲಿ ಅದನ್ನು ನೀವೇ ಹಿಡಿಯಬೇಕು. ಏಪ್ರಿಲ್, ಮೇ ಮಾತ್ರ ಬೇರೆ. ನಮ್ಮ ಬಿಸಿಲು 40 ಡಿಗ್ರಿ ದಾಟುವಾಗ ನಸುಕಿನಲ್ಲೇ ಓಡಿ, ಇಲ್ಲವೇ ಒಳಗೇ ಓಡಿ.

ಭಾರ ಹೊರುವ ಕಸರತ್ತಿಗೆ ಜಿಮ್ ಫೀಸು ದಂಡ ಅಂತಲೇ ನನ್ನ ಅಭಿಪ್ರಾಯ. ಓಪನ್ ವಿಭಾಗದ ಫಾರ್ಮರ್ಸ್ ಕ್ಯಾರಿಯಲ್ಲಿ ಗಂಡಸರು ಕೈಗೊಂದರಂತೆ 24 ಕೆ.ಜಿ., ಹೆಂಗಸರು 16 ಕೆ.ಜಿ. ಹಿಡಿದು 200 ಮೀಟರ್ ನಡೆಯಬೇಕು. ಹಿಡಿಕೆ ಇರುವ ಎರಡು ನೀರಿನ ಕ್ಯಾನ್ ಸಾಕು. ಲೀಟರಿಗೆ ಒಂದು ಕೆ.ಜಿ., ಲೆಕ್ಕವೂ ಸಲೀಸು. ಒಳಗೆ ನೀರು ತುಳುಕಾಡಿದಷ್ಟೂ ಮುಂಗೈ ಗಟ್ಟಿಯಾಗುತ್ತದೆ. ಲಂಜ್‌ಗೆ, ಅಂದರೆ ಒಂದೊಂದೇ ಕಾಲು ಮುಂದಿಟ್ಟು ಮೊಣಕಾಲು ಬಗ್ಗಿಸಿ ಸಾಗುವ ಕಸರತ್ತಿಗೆ, ಗೋಣಿಚೀಲದಲ್ಲಿ ಮರಳು ತುಂಬಿ, ಬಾಯಿ ಬಿಗಿದು ಹೆಗಲಿಗೇರಿಸಿ: ಗಂಡಸರಿಗೆ 20, ಹೆಂಗಸರಿಗೆ 10 ಕೆ.ಜಿ. ದೂರ 100 ಮೀಟರ್, ಪ್ರತಿ ಹೆಜ್ಜೆಗೂ ಹಿಂದಿನ ಮೊಣಕಾಲು ನೆಲ ಮುಟ್ಟಬೇಕು. ನೆಲಕ್ಕೆ ಮಲಗಿ ಎದ್ದು ಜಿಗಿಯುವ ಬರ್ಪಿಗೆ ಬರೀ ನೆಲ ಸಾಕು.

ಜಿಮ್ ಗೆಲ್ಲುವುದು ಯಂತ್ರಗಳಲ್ಲಿ. ರೋಯಿಂಗ್ 1000 ಮೀಟರ್, ನಿಂತು ಹಿಡಿಕೆಗಳನ್ನು ಕೆಳಕ್ಕೆಳೆಯುವ ಸ್ಕೀ ಅರ್ಗ್ 1000 ಮೀಟರ್, ಇವಕ್ಕೆ ಮನೆಮದ್ದಿಲ್ಲ. ಭಾರ ಹೇರಿ ತಳ್ಳುವ, ಎಳೆಯುವ ಸ್ಲೆಡ್ಡೂ ಅಷ್ಟೇ, ಹಗ್ಗ ಕಟ್ಟಿದ ಹಳೇ ಟೈರು ಎಳೆದರೆ ಅರ್ಧ ಅಭ್ಯಾಸವಷ್ಟೇ ಆದೀತು.

ದುಡ್ಡು ಕಟ್ಟುವ ಮೊದಲು ಒಳಗೆ ಹೋಗಿ ಕಣ್ಣಾರೆ ನೋಡಿ. ರೋಯಿಂಗ್ ಯಂತ್ರ ಇದ್ದರೆ ವಾರಕ್ಕೆ ಎರಡು ದಿನ ಅಲ್ಲಿ, ಉಳಿದದ್ದು ಮೈದಾನದಲ್ಲಿ. ಬರೀ ಡಂಬೆಲ್ಸು, ಕನ್ನಡಿ ಇದ್ದರೆ ಆ ದುಡ್ಡಲ್ಲಿ ಒಳ್ಳೆ ಶೂ ಕೊಳ್ಳಿ.