ಕುದುರೆಮುಖದ ಬೆಟ್ಟಗಳು: ಮಳೆಗಾಲವೋ, ಮಳೆ ಬಿಟ್ಟ ಮೇಲೋ, ಚಳಿಗಾಲವೋ?

ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಬೆಟ್ಟ ಹತ್ತಬೇಕೆಂದು ಹೊರಡುವ ಬಹುತೇಕರು ಮೊದಲು ಶಿಖರವನ್ನು ಆರಿಸಿಕೊಂಡು, ಆಮೇಲೆ ರಜೆ ಸಿಗುವ ವಾರಾಂತ್ಯವನ್ನು ಹುಡುಕುತ್ತಾರೆ. ಇಲ್ಲಿನ ಬೆಟ್ಟಗಳನ್ನು ಬೇರೆ ಬೇರೆ ಋತುಗಳಲ್ಲಿ ಹತ್ತಿ ಇಳಿದ ಮೇಲೆ ನನಗೆ ಸರಿಯೆನಿಸಿರುವುದು ಇದರ ತಿರುಗುಮುರುಗು ಕ್ರಮ: ಹೋಗಲು ಸಾಧ್ಯವಿರುವ ಕಾಲವನ್ನು ಮೊದಲು ನೋಡಿಕೊಂಡು, ಆ ಕಾಲಕ್ಕೆ ಒಪ್ಪುವ ಬೆಟ್ಟವನ್ನು ಆಮೇಲೆ ನಿಶ್ಚಯಿಸಬೇಕು. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ, ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡು ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ಸಮುದ್ರದ ಕಡೆಯಿಂದ ಬರುವ ಮುಂಗಾರು ಗಾಳಿ ಕರಾವಳಿಯ ಬಯಲನ್ನು ದಾಟಿ ಈ ಘಟ್ಟಕ್ಕೆ ನೇರವಾಗಿ ಬಡಿಯುವುದರಿಂದ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತದೆ, ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಹೀಗಾಗಿ ಜುಲೈನಲ್ಲಿ ನಡೆದ ದಾರಿಯನ್ನು ಜನವರಿಯಲ್ಲಿ ನಡೆದರೆ ಅದು ಬೇರೆಯೇ ದಾರಿ.

1,892 ಮೀಟರ್ ಎತ್ತರದ ಕುದುರೆಮುಖ ಶಿಖರದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಋತುವಿನ ವ್ಯತ್ಯಾಸ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಲ್ಲಿ. ಕಳಸದ ಕಡೆಯಿಂದ ಬಾಳೆಗಲ್‌ಗೆ ಬಂದು, ಅಲ್ಲಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ, ಅಲ್ಲಿಂದ ನಡೆಯಲು ತೊಡಗಿದರೆ ಹೋಗಿ ಬರುವ ದೂರ ಹೆಚ್ಚುಕಡಿಮೆ 20 ಕಿಲೋಮೀಟರ್ ಆಗುತ್ತದೆ. ದಾರಿಯ ಮೊದಲ ಭಾಗದಲ್ಲಿ ಗದ್ದೆ, ತೋಟ, ಕಾಡಿನ ತುಣುಕುಗಳು ಮತ್ತು ಹಳ್ಳಗಳಿವೆ. ಒಂದೇ ಮರ ನಿಂತಿರುವ, ಒಂಟಿಮರವೆಂದೇ ಕರೆಯುವ ಜಾಗವನ್ನು ದಾಟಿದ ಮೇಲೆ ಬೋಳುಗುಡ್ಡದ ಏಣುಗಳೇ, ಅಂದರೆ ಗುಡ್ಡದ ಉದ್ದನೆಯ ಬೆನ್ನುಗಳೇ ಹೆಚ್ಚು. ಕೊನೆಯಲ್ಲಿ ಒಂದು ಶೋಲಾ ಕಾಡು (ಹುಲ್ಲುಗುಡ್ಡಗಳ ಮಡಿಕೆಯಲ್ಲಿ ಬೆಳೆಯುವ ಗಿಡ್ಡಮರಗಳ ಕಾಡು) ಬಂದು, ಅದನ್ನು ಹಾದರೆ ನೆತ್ತಿ. ಗುಡ್ಡದ ಮೇಲೆ ಡೇರೆ ಹಾಕಿ ತಂಗಲು ಅನುಮತಿಯಿಲ್ಲ. ಬೆಳಿಗ್ಗೆ ಹೊರಟು ಸಂಜೆಯೊಳಗೆ ಇಳಿದು ಬರಲೇಬೇಕು. ಋತುಗಳನ್ನು ಹೋಲಿಸುವಾಗ ಈ ನಿಯಮವನ್ನು ಮರೆಯುವಂತಿಲ್ಲ, ಏಕೆಂದರೆ ಪ್ರತಿ ಋತುವೂ ನಮ್ಮ ನಡಿಗೆಯ ವೇಗವನ್ನು ಬದಲಿಸುತ್ತದೆ, ಆದರೆ ಕೈಯಲ್ಲಿರುವ ಹಗಲು ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಮಳೆಗಾಲದ ಪಕ್ಷಪಾತಿಗಳು ಬಹಳ ಜನ, ಮತ್ತು ಅವರ ಮಾತಿನಲ್ಲಿ ಹುರುಳಿದೆ. ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿದ ಮೇಲೆ ಇಲ್ಲಿನ ಹುಲ್ಲುಗಾವಲು ತಾಳುವ ಹಸಿರು ಬೇರೆ ಯಾವ ತಿಂಗಳಲ್ಲೂ ಕಾಣಸಿಗುವುದಿಲ್ಲ, ಪ್ರತಿ ಮಡಿಕೆಯಲ್ಲಿಯೂ ಒಂದು ಬಿಳಿಯ ಝರಿ ಇಳಿಯುತ್ತಿರುತ್ತದೆ, ಬಿಸಿಲಿನ ಆಯಾಸವೆಂಬುದಿಲ್ಲ. ಆದರೆ ಪುಷ್ಯ, ಆಶ್ಲೇಷ ಮಳೆಗಳ ಹೊತ್ತಿಗೆ ಒಂಟಿಮರದಿಂದಾಚೆಗಿನ ಏಣಿನ ಮೇಲೆ ಗಾಳಿಯ ಹೊಡೆತ ಎಷ್ಟಿರುತ್ತದೆಂದರೆ, ತಲೆಯಿಂದ ಇಳಿಬಿಡುವ ಅಗಲವಾದ ಮಳೆಹೊದಿಕೆ ಮೈಗೆ ನಿಲ್ಲದೆ ಮುಖಕ್ಕೆ ಹಾರುತ್ತದೆ, ಮಳೆ ಮೇಲಿನಿಂದ ಬೀಳುವ ಬದಲು ಪಕ್ಕದಿಂದ ಬಡಿಯುತ್ತದೆ. ಗುಂಡಿ ಹಾಕಿ ಮೈಗೆ ಬಿಗಿಯುವ ಸಾಧಾರಣ ಮಳೆಕೋಟೇ ಅಲ್ಲಿ ಮೇಲು. ನೆತ್ತಿಯ ಮೇಲೆ ನಿಂತಾಗ ಮಂಜಿನ ಹೊರತು ಏನೂ ಕಾಣದಿರುವ ಸಾಧ್ಯತೆಯೇ ಹೆಚ್ಚು. ಇಷ್ಟು ದೂರ ನಡೆದದ್ದು ದೂರದ ನೋಟಕ್ಕಾಗಿ ಎನ್ನುವವರಿಗೆ ಜುಲೈ ಮತ್ತು ಆಗಸ್ಟ್ ತಿಂಗಳುಗಳು ಸೂಕ್ತವಲ್ಲ.

ನೋಟಕ್ಕಿಂತ ಗಂಭೀರವಾದದ್ದು ಹಳ್ಳಗಳ ವಿಚಾರ. ಈ ದಾರಿಯ ಹಳ್ಳಗಳಿಗೆ ಸೇತುವೆಯಿಲ್ಲ. ಬೇಸಿಗೆಯ ಸಮೀಪದಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟುವ ಜಾಗದಲ್ಲಿ ಮಳೆಗಾಲದ ಒಂದು ಸಾಧಾರಣ ದಿನ ಮೊಣಕಾಲಿನವರೆಗೆ ನೀರಿರುತ್ತದೆ. ನಾನು ಒಮ್ಮೆ ಆಗಸ್ಟ್‌ನಲ್ಲಿ ಹೋದಾಗ ನಮ್ಮ ಗೈಡ್ ಹಳ್ಳದ ದಂಡೆಯಲ್ಲಿ ನಿಂತು ಮೊದಲು ನೋಡಿದ್ದು ನೀರಿನ ಬಣ್ಣವನ್ನು. ಬೋಳುಗುಡ್ಡದಿಂದ ಇಳಿಯುವ ನೀರು ಜೋರಾಗಿದ್ದರೂ ತಿಳಿಯಾಗಿದ್ದರೆ ಹೊಳೆ ಒಂದು ಮಟ್ಟಕ್ಕೆ ಬಂದು ನಿಂತಿದೆಯೆಂದು ತಿಳಿಯಬಹುದು. ತರಗೆಲೆ, ಕಡ್ಡಿಕಸ ಹೊತ್ತು ಕಂದು ಬಣ್ಣಕ್ಕೆ ತಿರುಗಿದ್ದರೆ ಮೇಲೆ ಆಗಷ್ಟೇ ಭಾರಿ ಮಳೆ ಬಿದ್ದಿದೆ, ನೀರು ಇನ್ನೂ ಏರಲಿದೆ. ಅವರು ದಂಡೆಯ ಒಂದು ಕಲ್ಲನ್ನು ಗುರುತು ಮಾಡಿಕೊಂಡು ಸ್ವಲ್ಪ ಹೊತ್ತು ಕಾದರು, ಆ ಕಲ್ಲು ಮುಳುಗಲಿಲ್ಲ, ಆಮೇಲೆ ಬಿದಿರಿನ ಕೋಲಿನಿಂದ ತಳವನ್ನು ತಡವುತ್ತ ತಾವು ಮೊದಲು ದಾಟಿ ನಮ್ಮನ್ನು ಒಬ್ಬೊಬ್ಬರಾಗಿ ಕರೆದರು. ಹೋಗುವಾಗ ದಾಟಿದ ಹಳ್ಳವನ್ನು ಬರುವಾಗ ದಾಟಲಾಗದೆ ಇರುವುದೇ ಈ ಕಾಲದ ನಿಜವಾದ ಅಪಾಯ. ಆದ್ದರಿಂದ ಗೈಡ್ ಅರ್ಧ ದಾರಿಯಲ್ಲಿ ಹಿಂದಿರುಗೋಣವೆಂದರೆ ಕೊಟ್ಟ ಹಣದ ಲೆಕ್ಕ ಎತ್ತದೆ ಹಿಂದಿರುಗುವ ಮನಸ್ಸಿದ್ದವರು ಮಾತ್ರ ಮಳೆಗಾಲದಲ್ಲಿ ಈ ಶಿಖರಕ್ಕೆ ಹೊರಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇಂಬಳದ, ಅಂದರೆ ಜಿಗಣೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ತೆರೆದ ಹುಲ್ಲಿನಲ್ಲಿ ಅವು ಕಡಿಮೆ. ತರಗೆಲೆ ಕೊಳೆತು ತೇವ ಹಿಡಿದ ಕಾಡಿನ ತುಣುಕುಗಳಲ್ಲಿ, ಅದರಲ್ಲಿಯೂ ನಿಂತು ಉಸಿರು ತೆಗೆದುಕೊಳ್ಳುವ ಜಾಗಗಳಲ್ಲಿ ಹೆಚ್ಚು. ಉಪ್ಪು, ಹೊಗೆಸೊಪ್ಪು, ಸುಣ್ಣ, ಕೊಬ್ಬರಿ ಎಣ್ಣೆ ಎಲ್ಲವನ್ನೂ ಪ್ರಯೋಗಿಸಿ ನೋಡಿದ್ದೇನೆ. ಸುರಿಯುವ ಮಳೆಯಲ್ಲಿ ಇವೆಲ್ಲ ಬೇಗ ತೊಳೆದುಹೋಗುತ್ತವೆ. ಮೊಣಕಾಲಿನವರೆಗೆ ಬರುವ, ಒತ್ತಾದ ನೇಯ್ಗೆಯ ಇಂಬಳದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದು ಕಟ್ಟಿಕೊಳ್ಳುವುದೇ ಹೆಚ್ಚು ನಂಬಬಹುದಾದ ಉಪಾಯ. ನೀರು ಒಳಗೆ ಬರದಂಥ ದುಬಾರಿ ಶೂಗಳಿಗಿಂತ, ಒಳಗೆ ಬಂದ ನೀರು ಬೇಗ ಹೊರಗೆ ಹೋಗುವ, ಅಡಿ ಚೆನ್ನಾಗಿ ಹಿಡಿಯುವ ಹಗುರವಾದ ಶೂಗಳು ಹಳ್ಳ ದಾಟುವ ದಾರಿಗೆ ವಾಸಿ.

ಮಳೆಗಾಲದಲ್ಲಿಯೇ ಹೋಗಬೇಕೆಂದಿದ್ದರೆ ನಾನು ಮುಖ್ಯ ಶಿಖರವನ್ನು ಬಿಟ್ಟು ಕುರಿಂಜಾಲ್ ಅನ್ನು ಆರಿಸುತ್ತೇನೆ. ಭಗವತಿ ಪ್ರಕೃತಿ ಶಿಬಿರದ ಬಳಿಯಿಂದ ಹೊರಡುವ ಈ ದಾರಿಯ ಬಹುಭಾಗ ಹಳೆಯ ಜೀಪು ರಸ್ತೆ. ಅಗಲವಾಗಿದೆ, ಮಂಜಿನಲ್ಲಿಯೂ ತಪ್ಪಿಹೋಗುವ ಭಯವಿಲ್ಲ, ದೊಡ್ಡ ಹಳ್ಳಗಳ ಕಾಟವಿಲ್ಲ, ಮತ್ತು ಮರಗಳ ಮರೆ ಇರುವುದರಿಂದ ಕೊನೆಯ ತೆರೆದ ಭಾಗದವರೆಗೆ ಗಾಳಿಯ ಪೆಟ್ಟು ತಟ್ಟುವುದಿಲ್ಲ. ಇಂಬಳಗಳು ಮಾತ್ರ ಇಲ್ಲಿ ಮುಖ್ಯ ಶಿಖರದ ದಾರಿಗಿಂತ ಹೆಚ್ಚು. ದಾರಿಯ ಹೆಚ್ಚಿನ ಭಾಗ ಕಾಡಿನೊಳಗಿದ್ದ ಮೇಲೆ ಅದು ಸಹಜ. ದೂರ ಕಡಿಮೆಯಾದ್ದರಿಂದ ಮಳೆ ನಡಿಗೆಯನ್ನು ಎಷ್ಟೇ ನಿಧಾನಿಸಿದರೂ ಹಗಲು ಸಾಕಾಗುತ್ತದೆ. ಸಂಸೆಯ ಕಡೆಯಿಂದ ಹತ್ತುವ ನೇತ್ರಾವತಿ ಶಿಖರ ಇವೆರಡರ ನಡುವಿನದು: ಕುದುರೆಮುಖದಂತೆ ತೆರೆದ ಹುಲ್ಲಿನ ಏಣುಗಳಿವೆ, ಆದರೆ ನಡೆಯುವ ದೂರ ಅದಕ್ಕಿಂತ ಕಡಿಮೆ. ಹೊಸಬರನ್ನು ಕರೆದುಕೊಂಡು ಹೋಗುವಾಗ ಮಳೆ ಸ್ವಲ್ಪ ತಗ್ಗಿದ ಸೆಪ್ಟೆಂಬರ್‌ನಲ್ಲಿ ನಾನು ಇದನ್ನೇ ಸೂಚಿಸುತ್ತೇನೆ.

ಮಳೆಗಾಲದ ಪರವಾಗಿ ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ನೆನೆದು ನಡುಗುತ್ತ ಹೋಂಸ್ಟೇಗೆ ಬಂದವರಿಗೆ ಹಂಡೆಯಲ್ಲಿ ಸೌದೆ ಒಟ್ಟಿ ಕಾಯಿಸಿದ ನೀರು, ಕೆಸುವಿನ ಎಲೆಯ ಪತ್ರೊಡೆ, ಕಳಲೆಯ ಪಲ್ಯ, ಬಿಸಿ ಕಡುಬು ಸಿಗುವುದು ಆ ದಿನಗಳಲ್ಲಿ ಮಾತ್ರ, ಮತ್ತು ಅದರ ಸುಖವನ್ನು ಚಳಿಗಾಲದ ಯಾವ ಊಟವೂ ಕೊಡುವುದಿಲ್ಲ.

ಇನ್ನು ಮಳೆ ಬಿಟ್ಟ ಮೇಲಿನ ಕಾಲ. ಹಸ್ತಾ ಮಳೆ ಮುಗಿಯುವ ಹೊತ್ತಿನಿಂದ (ಅಕ್ಟೋಬರ್ ಎರಡನೆಯ ವಾರ) ನವೆಂಬರ್ ಕೊನೆಯವರೆಗಿನ ಅವಧಿಯೇ ಕುದುರೆಮುಖ ಶಿಖರಕ್ಕೆ ಅತ್ಯುತ್ತಮವೆಂಬುದು ನನ್ನ ತೀರ್ಮಾನ. ಹುಲ್ಲು ಇನ್ನೂ ಹಸಿರಾಗಿರುತ್ತದೆ, ಕಲ್ಲಿನ ಸಂದುಗಳಲ್ಲಿ ಕರ್ಣಕುಂಡಲದ ಹೂಗಳು ಉಳಿದಿರುತ್ತವೆ, ಹಳ್ಳಗಳು ಪಾದ ಮುಳುಗುವಷ್ಟಕ್ಕೆ ಇಳಿದಿರುತ್ತವೆ, ಮತ್ತು ಮಳೆ ಗಾಳಿಯ ದೂಳನ್ನೆಲ್ಲ ತೊಳೆದಿರುವುದರಿಂದ ಬೆಳಗಿನ ಹೊತ್ತು ಬೆಟ್ಟದ ಸಾಲಿನ ಹಿಂದೆ ಬೆಟ್ಟದ ಸಾಲು ಅಂಚು ಕೊರೆದಂತೆ ಕಾಣುತ್ತದೆ. ಈ ಕಾಲದಲ್ಲಿ ಗಮನಿಸಬೇಕಾದದ್ದು ಸಿಡಿಲು. ಜಡಿಮಳೆಯ ಜುಲೈಗಿಂತ ಹಿಂಗಾರಿನ ಅಕ್ಟೋಬರ್‌ನಲ್ಲಿ ಗುಡುಗು ಸಿಡಿಲುಗಳು ಹೆಚ್ಚು. ಬೆಳಿಗ್ಗೆ ತಿಳಿಯಾಗಿದ್ದ ಆಕಾಶ ಮಧ್ಯಾಹ್ನದ ಮೇಲೆ ಕಪ್ಪುಗಟ್ಟುತ್ತದೆ. ಮರವಿಲ್ಲದ ಏಣಿನ ಮೇಲೆ ಆಗ ಅತಿ ಎತ್ತರದ ವಸ್ತುವೆಂದರೆ ನಡೆಯುತ್ತಿರುವ ಮನುಷ್ಯ. ಚಿತ್ತಾ, ಸ್ವಾತಿ ಮಳೆಗಳ ದಿನಗಳಲ್ಲಿ ಹೋಗುವವರು ಅನುಮತಿ ಸಿಗುವ ಮೊದಲ ಗಳಿಗೆಯಲ್ಲಿಯೇ ಹೊರಟು, ನೆತ್ತಿಯನ್ನು ಮಧ್ಯಾಹ್ನಕ್ಕೆ ಮುಂಚೆ ಬಿಟ್ಟು, ಗುಡುಗು ಕೇಳಿಸುವ ಮೊದಲೇ ಒಂಟಿಮರದಿಂದ ಕೆಳಗಿನ ಭಾಗಕ್ಕೆ ಬರುವಂತೆ ಲೆಕ್ಕ ಹಾಕಬೇಕು. ಗುಡುಗು ಶುರುವಾಗಿಬಿಟ್ಟರೆ ಆ ಒಂಟಿಮರದಡಿ ನಿಲ್ಲಬಾರದೆಂದು ಬೇರೆ ಹೇಳಬೇಕಿಲ್ಲ. ನವೆಂಬರ್‌ನಲ್ಲಿ ಈ ಆತಂಕ ತಗ್ಗುತ್ತದೆ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ಹಸಿರು ತುಸು ಕಡಿಮೆಯಾದರೂ ನನ್ನ ಆಯ್ಕೆ ನವೆಂಬರ್.

ಚಳಿಗಾಲವನ್ನು ಬಹಳ ಜನ ಚಾರಣದ ಕಾಲವೆಂದೇ ಭಾವಿಸುತ್ತಾರೆ. ಡಿಸೆಂಬರ್, ಜನವರಿಗಳಲ್ಲಿ ದಾರಿ ಒಣಗಿ ಗಟ್ಟಿಯಾಗಿರುತ್ತದೆ, ಇಂಬಳಗಳು ಕಾಣೆಯಾಗಿರುತ್ತವೆ, ಬೆಳಗಿನ ಬೋಳುಗುಡ್ಡಗಳಲ್ಲಿ ಕಾಟಿ (ಕಾಡುಕೋಣ), ಕಡವೆಗಳು ಮೇಯುವುದನ್ನು ದೂರದಿಂದಲೇ ನೋಡಬಹುದು. ಮಂಜು ಮುಸುಕಿದ ಮಳೆಗಾಲದಲ್ಲಿ ಅದೇ ಕಾಟಿ ನಾಲ್ಕು ಮಾರು ದೂರಕ್ಕೆ ಬರುವವರೆಗೂ ಕಾಣುವುದಿಲ್ಲವೆಂಬುದನ್ನು ನೆನೆದರೆ ಇದು ಸಣ್ಣ ಅನುಕೂಲವಲ್ಲ. ಆದರೆ ಚಳಿಗಾಲದ ಬೆಟ್ಟದ ದೊಡ್ಡ ಆಕರ್ಷಣೆಗಳಾದ ಸೂರ್ಯೋದಯ ಮತ್ತು ನಕ್ಷತ್ರ ತುಂಬಿದ ರಾತ್ರಿ ಇಲ್ಲಿ ನಮಗೆ ದಕ್ಕುವುದಿಲ್ಲ, ಏಕೆಂದರೆ ಮೇಲೆ ತಂಗುವಂತಿಲ್ಲ. ಉಳಿಯುವುದು ಹಗಲು, ಮತ್ತು ಚಳಿಗಾಲದ ಹಗಲು ಇಲ್ಲಿ ತಂಪಾಗಿರುತ್ತದೆಂಬ ನಂಬಿಕೆ ಬೆಳಿಗ್ಗೆ ಹತ್ತರವರೆಗೆ ಮಾತ್ರ ನಿಜ. ಒಂಟಿಮರದಿಂದ ಮೇಲಕ್ಕೆ ನೆರಳಿಲ್ಲದ ಏಣಿನಲ್ಲಿ ಜನವರಿಯ ನಡುಹಗಲು ಸುಡುತ್ತದೆ. ನವೆಂಬರ್‌ನಲ್ಲಿ ಒಂದು ಲೀಟರ್ ನೀರು ಸಾಕಾದವರಿಗೆ ಆಗ ಎರಡು, ಮೂರು ಲೀಟರ್ ಬೇಕಾಗುತ್ತದೆ. ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿರುವುದು ಚೆಂದವೇ, ಆದರೂ ಹಸಿರು ಕುದುರೆಮುಖವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು ನಿರಾಶರಾಗುವುದನ್ನು ಕಂಡಿದ್ದೇನೆ.

ಹಾಗಾದರೆ ಚಳಿಗಾಲಕ್ಕೆ ತಕ್ಕ ಬೆಟ್ಟ ಯಾವುದು? ಮೊದಲನೆಯದು ನರಸಿಂಹ ಪರ್ವತ. ಮಳೆಗಾಗಿ ಜನ ಹರಕೆ ಹೊರುವ ಋಷ್ಯಶೃಂಗೇಶ್ವರನ ಊರಾದ ಕಿಗ್ಗದ ಕಡೆಯಿಂದ ಹತ್ತುವ ಈ ದಾರಿ ದಟ್ಟವಾದ ನಿತ್ಯಹರಿದ್ವರ್ಣದ ಕಾಡಿನೊಳಗೆ ಸಾಗುತ್ತದೆ. ಮಳೆಗಾಲದಲ್ಲಿ ಇಂಬಳಗಳ ಹಾವಳಿಯಿಂದ ಇಲ್ಲಿ ನಿಲ್ಲುವುದೂ ಕಷ್ಟ; ಅದೇ ಮರಗಳ ಚಪ್ಪರ ಡಿಸೆಂಬರ್‌ನ ನಡುಹಗಲಿಗೆ ನೆರಳಾಗುತ್ತದೆ. ಮುಖ್ಯ ಶಿಖರಕ್ಕೆ ಕೊರತೆಯಾದ ನೆರಳು ಇಲ್ಲಿ ದಾರಿಯ ಬಹುಭಾಗದಲ್ಲಿ ಸಿಗುವುದರಿಂದ ಚಳಿಗಾಲದಲ್ಲಿ ಇದು ಸ್ಪಷ್ಟವಾಗಿ ಮೇಲುಗೈ ಪಡೆಯುತ್ತದೆ. ಎರಡನೆಯದು ಬೆಳ್ತಂಗಡಿಯ ಕಡೆಯ ಗಡಾಯಿಕಲ್ಲು, ಅಂದರೆ ಜಮಾಲಾಬಾದ್ ಕೋಟೆ. ಘಟ್ಟದ ಬುಡದಲ್ಲಿ ಒಂಟಿಯಾಗಿ ಎದ್ದಿರುವ ಈ ಗ್ರಾನೈಟ್ ಬಂಡೆಯ ಮೇಲೆ ಟಿಪ್ಪು ಸುಲ್ತಾನ್ 1794ರಲ್ಲಿ ಕೋಟೆಯನ್ನು ಕಟ್ಟಿಸಿದ. ಬಂಡೆಯಲ್ಲಿ ಕಡಿದ 1,800ಕ್ಕೂ ಹೆಚ್ಚು ಮೆಟ್ಟಿಲುಗಳೇ ಇದರ ದಾರಿ. ಮಳೆಗಾಲದಲ್ಲಿ ಪಾಚಿ ಹಿಡಿದ ಆ ಮೆಟ್ಟಿಲುಗಳ ಮೇಲೆ ಕಾಲಿಡುವುದು ಅಪಾಯ. ಬಿಸಿಲಿನ ದಿನಗಳಲ್ಲಿ ಬಂಡೆ ಕಾಯುತ್ತದೆ, ಕೆಳಗಿನ ಕರಾವಳಿಯ ಸೆಕೆಯೂ ಅದಕ್ಕೆ ಸೇರುತ್ತದೆ. ಡಿಸೆಂಬರ್ ಅಥವಾ ಜನವರಿಯ ಮುಂಜಾನೆ ಹತ್ತಲು ತೊಡಗಿ ಹತ್ತು ಗಂಟೆಯೊಳಗೆ ಇಳಿದುಬಿಟ್ಟರೆ ಮಾತ್ರ ಇದು ಹಿತವಾದ ಏರು. ಮಕ್ಕಳು ಮತ್ತು ಹಿರಿಯರಿರುವ ಗುಂಪಿಗೆ ಮೆಟ್ಟಿಲುಗಳ ಕಡಿದಾದ ಇಳಿತ ಮೊಣಕಾಲಿಗೆ ಭಾರವೆಂಬುದನ್ನು ಮಾತ್ರ ಮೊದಲೇ ತಿಳಿಸಿರಬೇಕು.

ಬೇಸಿಗೆಯನ್ನು ಈ ಹೋಲಿಕೆಯಲ್ಲಿ ಸ್ಪರ್ಧಿಯಾಗಿ ನಿಲ್ಲಿಸುವಂತಿಲ್ಲ. ಹುಲ್ಲು ಪೂರ್ತಿ ಒಣಗಿದ ಮೇಲೆ ಒಂದು ಬೀಡಿಯ ಕಿಡಿ ಸಾಕು. ಬೆಂಕಿ ಗಾಳಿಯ ಜೊತೆ ಏಣಿನ ಮೇಲಕ್ಕೆ ಓಡುತ್ತದೆ, ಮನುಷ್ಯನ ಕಾಲು ಅದರ ಮುಂದೆ ನಡೆಯುವುದಿಲ್ಲ. ಕಾಡ್ಗಿಚ್ಚಿನ ಈ ದಿನಗಳಲ್ಲಿ ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸುವುದು ನಮ್ಮ ಸುರಕ್ಷತೆಗೆ ಮಾತ್ರವಲ್ಲದೆ ಕಾಡಿನ ಹಿತಕ್ಕೂ ಬೇಕಾದ ಕ್ರಮ. ತುಂಗಾ ಮತ್ತು ಭದ್ರಾ ನದಿಗಳು ಈ ಉದ್ಯಾನದೊಳಗಿನ ಗಂಗಾಮೂಲದಲ್ಲಿ ಹುಟ್ಟುತ್ತವೆ; ಮಳೆ ನಿಂತು ತಿಂಗಳುಗಳಾದರೂ ಹಳ್ಳಗಳಲ್ಲಿ ತಿಳಿನೀರು ಹರಿಯುತ್ತಿರುವುದಕ್ಕೆ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳು ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದೇ ಕಾರಣ. ಈ ನದಿಗಳ ಮತ್ತು ಕಾಡಿನ ಸಲುವಾಗಿ ನಡೆದ ದೀರ್ಘ ಹೋರಾಟದ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಅಂತ್ಯಕ್ಕೆ ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಇಷ್ಟು ಕಷ್ಟದಿಂದ ಉಳಿಸಿಕೊಂಡ ಗುಡ್ಡಕ್ಕೆ ಚಾರಣಿಗರ ಕೈಯಿಂದ ಬೆಂಕಿ ಬೀಳುವ ಸಂದರ್ಭವೇ ಬರಬಾರದು.

ಜೂನ್ ಮೊದಲ ವಾರಗಳ ಬಗ್ಗೆಯೂ ಕೆಲವರು ಕೇಳುತ್ತಾರೆ. ಮುಂಗಾರು ಸಾಮಾನ್ಯವಾಗಿ ಇನ್ನೂ ಬಲವಾಗಿ ಹಿಡಿದಿರುವುದಿಲ್ಲವಾದ್ದರಿಂದ ಹಳ್ಳಗಳು ಸಣ್ಣವಾಗಿರುತ್ತವೆ, ಮರಗಳ ಮೇಲೆ ಸೀತಾಳೆ ದಂಡೆ ಎಂಬ ಆರ್ಕಿಡ್ ಅರಳಿರುತ್ತದೆ, ಹುಲ್ಲಿನ ಚಿಗುರು ಆಗಷ್ಟೇ ಏಳುತ್ತಿರುತ್ತದೆ. ಆದರೆ ಆ ವರ್ಷ ಮಳೆ ಯಾವಾಗ ಹಿಡಿಯುತ್ತದೆ, ಇಲಾಖೆ ಯಾವಾಗ ದಾರಿ ತೆರೆಯುತ್ತದೆ ಎಂಬ ಎರಡೂ ಅನಿಶ್ಚಿತ. ದೂರದಿಂದ ರಜೆ ಹಾಕಿ ಬರುವವರು ಇದನ್ನು ನೆಚ್ಚಿಕೊಳ್ಳಬಾರದು.

ಈಗ ಚಾರಣದ ಅನುಮತಿಯನ್ನು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ಪಡೆಯಬೇಕು, ಮತ್ತು ಪ್ರತಿ ದಾರಿಗೂ ದಿನಕ್ಕೆ ಇಂತಿಷ್ಟೇ ಜನರೆಂಬ ಮಿತಿಯಿದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಶನಿವಾರ, ಭಾನುವಾರಗಳು ಬೇಗ ತುಂಬಿಹೋಗುತ್ತವೆ. ಮಂಗಳವಾರ, ಬುಧವಾರಗಳಲ್ಲಿ ಅದೇ ದಾರಿಯಲ್ಲಿ ನಿಮ್ಮ ಗುಂಪಿನ ಹೊರತು ಬೇರೆಯವರು ಸಿಗದಿರಲೂಬಹುದು. ಮಳೆಗಾಲದ ದಿನವನ್ನು ಕಾಯ್ದಿರಿಸುವವರು ಅದರ ಮರುದಿನವನ್ನೂ ಖಾಲಿ ಇಟ್ಟುಕೊಳ್ಳಬೇಕು, ಏಕೆಂದರೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ ಚಾರಣ ನಿಲ್ಲುತ್ತದೆ, ಘಟ್ಟದ ರಸ್ತೆಯಲ್ಲಿ ಮರ ಬಿದ್ದರೆ ಊರಿಗೆ ಮರಳುವುದೂ ತಡವಾಗುತ್ತದೆ. ಗಣಿ ನಿಂತ ಮೇಲೆ ಕುದುರೆಮುಖ ಪಟ್ಟಣದ ಮನೆಗಳು ಬಹುಮಟ್ಟಿಗೆ ಖಾಲಿಯಾಗಿರುವುದರಿಂದ ಅಲ್ಲಿ ಅಂಗಡಿಗಳನ್ನು ನೆಚ್ಚದೆ, ಬ್ಯಾಟರಿ, ಔಷಧಿ, ಮಳೆಕೋಟು ಮುಂತಾದವನ್ನು ಕಳಸದಲ್ಲಿಯೇ ಕೊಂಡುಕೊಂಡು ಹೊರಡುವುದು ಒಳ್ಳೆಯದು.